ದಿನಕ್ಕೆ ಒಂಬತ್ತು ರೂಪಾಯಿ: ಅಕ್ಕನ ಮಗಳ ಟ್ಯಾಬ್‌ಗೆ ವಿಮೆ ಆರಿಸಿದ ಪ್ರಕರಣ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ರೈಲು ಟಿಕೆಟ್, ಇಂಥವೇ ಕೆಲಸ. ಇದರ ನಡುವೆ ವಾರಕ್ಕೆ ಒಬ್ಬರೋ ಇಬ್ಬರೋ ಒಡೆದ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಇದಕ್ಕ ಇನ್ಶೂರೆನ್ಸ್ ಮಾಡ್ಸೀನಿ, ಕ್ಲೇಮ್ ಹಾಕಿ ಕೊಡ್ರಿ" ಅನ್ನುತ್ತಾರೆ. ಹಾಕಿ ಕೊಡುತ್ತೇನೆ. ಹತ್ತು ದಿನ ಬಿಟ್ಟು ಅವರೇ ಮತ್ತೆ ಬಂದು, ಕಂಪನಿಯ ಮೇಲ್ ತೋರಿಸಿ, "ಇದ್ರಾಗ ಏನ್ ಬರದಾರ, ಓದಿ ಹೇಳ್ರಿ" ಅನ್ನುವುದೂ ಉಂಟು. ಆಗಲ್ಲ ಅಂತ ಬರೆದಿರುತ್ತಾರೆ. ಯಾಕೆ ಆಗಲ್ಲ ಅಂತ ಒಂದೆರಡು ಸಾಲು ಇರುತ್ತದೆ. ಆ ಸಾಲುಗಳನ್ನು ಓದಿ ಓದಿಯೇ ನಾನು ಈ ವಿಷಯ ಕಲಿತದ್ದು. ನಾನು ವಿಮೆ ಏಜೆಂಟ್ ಅಲ್ಲ, ಯಾರ ಕಮಿಷನ್ನೂ ನನಗೆ ಬರುವುದಿಲ್ಲ.

ಇದು ನನ್ನ ಅಕ್ಕನ ಮಗಳ ಟ್ಯಾಬಿನ ಪ್ರಕರಣ. ಅಂಗಡಿ ಕೌಂಟರಿನಲ್ಲಿ ಎಲ್ಲರೂ ಐದು ನಿಮಿಷದಲ್ಲಿ ಮುಗಿಸುವ ತೀರ್ಮಾನಕ್ಕೆ ನಾವು ಎರಡು ದಿನ ತೆಗೆದುಕೊಂಡೆವು. ಐದು ತಿಂಗಳಿಗೆ ಟ್ಯಾಬ್ ಬಿದ್ದೂ ಬಿತ್ತು. ಎಲ್ಲಿ ಸರಿಯಾಗಿ ಯೋಚಿಸಿದ್ದೆವು, ಎಲ್ಲಿ ಎಡವಿದೆವು ಎರಡೂ ಗೊತ್ತಾಯಿತು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಕೌಂಟರಿನಲ್ಲಿ

ಅಕ್ಕನ ಮನೆ ಶಹಾಬಾದಿನಲ್ಲಿ. ಹುಡುಗಿ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಆಗ ಎರಡನೇ ವರ್ಷ. ವಾರವಿಡೀ ಸೇಡಂ ರಸ್ತೆ ಕಡೆಯ ಒಂದು ಪಿಜಿಯಲ್ಲಿ ಇರುತ್ತಾಳೆ. ಶನಿವಾರ ಸಂಜೆ ರೈಲಿಗೋ ಬಸ್ಸಿಗೋ ಹತ್ತಿ ಊರಿಗೆ ಹೋಗುತ್ತಾಳೆ, ಸೋಮವಾರ ಬೆಳಿಗ್ಗೆ ವಾಪಸ್. ಕಾಲೇಜಿನ ನೋಟ್ಸ್ ಎಲ್ಲ ಪಿಡಿಎಫ್‌ನಲ್ಲೇ ಬರುತ್ತಿದ್ದವು. ಮೊಬೈಲಲ್ಲಿ ಓದಿ ಕಣ್ಣು ನೋವು ಅಂತ ಒಂದು ವರ್ಷ ಗೋಳಾಡಿದ ಮೇಲೆ, 2024ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ಎರಡು ವಾರಕ್ಕೆ, ಅಕ್ಕ ಟ್ಯಾಬ್ ಕೊಡಿಸಲು ಒಪ್ಪಿದಳು. ಪೆನ್ ಸಮೇತ 32,000 ರೂಪಾಯಿ. ಎಂಟು ತಿಂಗಳ ಇಎಂಐ.

ನಾನೂ ಜೊತೆಗೆ ಹೋಗಿದ್ದೆ. ಬಣ್ಣ ಆರಿಸಿ, ಪೆನ್ನಿನಲ್ಲಿ ಒಂದು ಹೂವು ಬರೆದು ನೋಡಿ, ಎಲ್ಲ ಆಯಿತು. ಕೌಂಟರ್ ಹುಡುಗ ಅಕ್ಕನ ಮುಂದೆ ಮೊಬೈಲ್ ಇಟ್ಟು, "ಓಟಿಪಿ ಹೇಳ್ರಿ ಮೇಡಂ" ಅಂದ. ಪರದೆ ಮೇಲೆ ತಿಂಗಳ ಕಂತು 4,412 ಅಂತ ಇತ್ತು.

ಅಕ್ಕ ಓದಿದ್ದು ಏಳನೇ ಇಯತ್ತೆ. ಆದರೆ ಲೆಕ್ಕ ಬಾಯಲ್ಲೇ ಮಾಡುತ್ತಾಳೆ. "ಮೂವತ್ತೆರಡು ಸಾವಿರಕ್ಕ ಎಂಟು ತಿಂಗಳಂದ್ರ ನಾಕ್ ಸಾವಿರ ಆಗ್ತದಲ್ಲ ತಮ್ಮಾ. ಈ ನಾಕನೂರಾ ಹನ್ನೆರಡು ಎಲ್ಲಿಂದ ಬಂತು?"

"ಅದು ಪ್ರೊಟೆಕ್ಷನ್ ರಿ ಮೇಡಂ. ಬಿದ್ರೂ ನಡೀತದ, ನೀರ್ ಬಿದ್ರೂ ನಡೀತದ, ಕಳವಾದ್ರೂ ನಡೀತದ. ವರ್ಷಕ್ಕ 3,299. ದಿನಕ್ಕ ಬರೇ ಒಂಬತ್ ರೂಪಾಯಿ ಬೀಳ್ತದ್ರಿ, ಒಂದ್ ಚಾದ ರೊಕ್ಕ."

ಕೇಳದೆಯೇ ಸೇರಿಸಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ತಿಂಗಳಿಗೆ ಇಷ್ಟು ಪ್ಲಾನ್ ಮಾರಬೇಕು ಅಂತ ಗುರಿ ಇರುತ್ತದೆ. ಆದರೆ ಓಟಿಪಿ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಾಲದ ಕಾಗದ ತೋರಿಸು ಅಂದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವ ಮುಂಚೆ ಒಂದು ಮುಖ್ಯಾಂಶ ಪತ್ರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಕೆಎಫ್‌ಎಸ್ ಅಂತಾರೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಹೆಸರಲ್ಲಿ ಎಷ್ಟು ಹಿಡಿದರು, ಎಲ್ಲ ಅದರಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಮೊಬೈಲಿನಲ್ಲೇ ತೆರೆದು ನೋಡಿದೆವು. ವಿಮೆಯ ಸಾಲು ಇತ್ತು. ತೆಗೆಸಿದೆವು. ಕಂತು 4,000ಕ್ಕೆ ಇಳಿಯಿತು.

"ನಾಳೆ ಬೇಕಂದ್ರ ಹಾಕ್ಲಿಕ್ಕೆ ಬರಂಗಿಲ್ರಿ" ಅಂದ ಹುಡುಗ. ಅವನ ಪ್ಲಾನಿಗೆ ಅದು ನಿಜ ಇರಬಹುದು. ಟ್ಯಾಬ್ ಮಾಡಿದ ಕಂಪನಿಯೂ ತನ್ನದೇ ಒಂದು ಪ್ಲಾನ್ ಇಟ್ಟಿತ್ತು. ಅದನ್ನು ಕೊಂಡ 30 ದಿನದೊಳಗೆ ಆನ್‌ಲೈನಲ್ಲಿ ತಗೋಬಹುದು ಅಂತ ಡಬ್ಬದ ಒಳಗಿನ ಚೀಟಿಯಲ್ಲೇ ಇತ್ತು. ಅಷ್ಟು ಸಮಯ ಸಾಕು ಅಂತ ಹೊರಬಿದ್ದೆವು.

ಕೈಯಲ್ಲಿದ್ದ ಕಾಗದಗಳು

ಅವತ್ತು ರಾತ್ರಿ ಸೆಂಟರಿನಲ್ಲಿ ಕೂತು ನಾಲ್ಕು ಪ್ಲಾನಿನ ಷರತ್ತುಗಳನ್ನು ಪ್ರಿಂಟ್ ತೆಗೆದೆವು.

ಒಂದು, ಅಂಗಡಿಯ ಎಕ್ಸ್‌ಟೆಂಡೆಡ್ ವಾರಂಟಿ, 2,499. ಇದನ್ನು ಓದಲು ಎರಡು ನಿಮಿಷ ಸಾಕಾಯಿತು. ಕಂಪನಿ ವಾರಂಟಿ ಮುಗಿದ ಮೇಲೆ ಇನ್ನೊಂದು ವರ್ಷ, ಅದೂ ತಯಾರಿಕೆಯ ದೋಷಕ್ಕೆ ಮಾತ್ರ. ಕೆಳಗೆ ಬಿದ್ದರೆ ಇಲ್ಲ, ನೀರು ಹೋದರೆ ಇಲ್ಲ. ಬ್ಯಾಟರಿ ಸವೆದರೂ ಇಲ್ಲ. ಜನ ಇದನ್ನೇ ಇನ್ಶೂರೆನ್ಸ್ ಅಂದುಕೊಂಡು ತಗೊಂಡು, ಒಡೆದ ಸ್ಕ್ರೀನ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ವರ್ಷದೊಳಗೆ ಕೆಟ್ಟರೆ ಕಂಪನಿ ಹೇಗೂ ನೋಡುತ್ತದೆ. ಒಂದು ವರ್ಷ ಸರಿಯಾಗಿ ನಡೆದ ಟ್ಯಾಬ್ ಎರಡನೇ ವರ್ಷದಲ್ಲಿ ತಾನಾಗಿ ಕೆಡುವುದು ಅಪರೂಪ. ಈ ಕಾಗದ ಪಕ್ಕಕ್ಕಿಟ್ಟೆವು.

ಎರಡು, ಕೌಂಟರ್ ಹುಡುಗನ ಒಂಬತ್ತು ರೂಪಾಯಿ ಪ್ಲಾನ್. ಮೇಲೆ ದೊಡ್ಡ ಅಕ್ಷರದಲ್ಲಿ ಸಾಲ ಕೊಡುವವರ ಹೆಸರು. ವಿಮೆ ಕಂಪನಿಯ ಹೆಸರು ಕೊನೇ ಪುಟದ ಕೆಳಗೆ, ಕನ್ನಡಕ ಹಾಕಿದರೆ ಕಾಣುವಷ್ಟು. ಇದು ಗುಂಪು ವಿಮೆ. ಎಲ್ಲರಿಗೂ ಸೇರಿದ ಮೂಲ ಪಾಲಿಸಿ, ಅಂದರೆ ಮಾಸ್ಟರ್ ಪಾಲಿಸಿ, ಇರುವುದು ಸಾಲ ಕೊಡುವವರ ಹೆಸರಲ್ಲಿ, ನಮಗೆ ಸಿಗುವುದು ಒಂದು ಸರ್ಟಿಫಿಕೇಟ್. ಗುಂಪು ವಿಮೆ ಅಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ. ಆದರೆ ಆ ಸರ್ಟಿಫಿಕೇಟ್ ಕೈಗೆ ಬರದಿದ್ದರೆ ಮುಂದೆ ಯಾವ ಕಂಪನಿಯ ಬಾಗಿಲು ತಟ್ಟಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಮೂರು, ಸ್ಕ್ರೀನ್‌ಗೆ ಮಾತ್ರ ಇರುವ ಪ್ಲಾನ್. ಒಂದು ವರ್ಷಕ್ಕೆ 1,499. ಒಂದೇ ಸಲ. ರಿಪೇರಿ ಬಿಲ್ಲಿನ ಕಾಲು ಭಾಗ ನಾವು ಕೊಡಬೇಕು.

ನಾಲ್ಕು, ತಯಾರಕರದೇ ಪ್ಲಾನ್. ಎರಡು ವರ್ಷಕ್ಕೆ 3,799, ಜಿಎಸ್‌ಟಿ ಸೇರಿ. ಬಿದ್ದದ್ದು, ಒಡೆದದ್ದು, ನೀರು ಹೋದದ್ದು, ಒಟ್ಟು ಎರಡು ಸಲ. ಪ್ರತಿ ಸಲ 2,500 ಸೇವಾ ಶುಲ್ಕ. ಕಳವಿಗೆ ಏನೂ ಇಲ್ಲ.

ಇಷ್ಟೊತ್ತಿಗೆ ಭಾವನ ಫೋನ್ ಬಂತು. "ಮನಿ ಸಾಲದ ಜೋಡಿ ಒಂದು ಇನ್ಶೂರೆನ್ಸ್ ಮಾಡ್ಸ್ಯಾರಲ್ಲ, ಅದ್ರಾಗ ಬರಂಗಿಲ್ಲೇನು?" ಒಳ್ಳೆಯ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಆ ಪಾಲಿಸಿ ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮೆ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರುವ ಮನೆ ವಿಮೆ. ಕಟ್ಟಡದ ಜೊತೆ ಸಾಮಾನಿಗೂ ಮಾಡಿಸಿದ್ದರೆ, ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆಯೊಳಗಿನ ಸಾಮಾನಿಗೆ ತಾನಾಗಿ ನಿಗದಿಯಾಗುತ್ತದೆ. ಆದರೆ ಅದು ಬೆಂಕಿ, ಸಿಡಿಲು, ಭೂಕಂಪ, ನೆರೆ, ಗಲಭೆ ಇಂಥವಕ್ಕೆ. ಕೈಯಿಂದ ಜಾರಿ ಬಿದ್ದದ್ದಕ್ಕಲ್ಲ. ಕಳವು ಕೂಡ ಅಂಥ ಅನಾಹುತದ ನಂತರ, ಅದರಿಂದಾಗಿ, ಏಳು ದಿನದೊಳಗೆ ಆಗಿದ್ದರೆ ಮಾತ್ರ. ಮೇಲಾಗಿ ಟ್ಯಾಬ್ ಇರುವುದು ಪಿಜಿಯಲ್ಲಿ, ಶಹಾಬಾದಿನ ಮನೆಯಲ್ಲಲ್ಲ. ಭಾವನಿಗೆ ಹೇಳಿದೆ. "ಹಂಗಾದ್ರ ಬಿಡು" ಅಂದು ಇಟ್ಟರು.

ಟ್ಯಾಬ್ ಹೆಂಗೆ ಹಾಳಾಗ್ತದ?

ನಾನು ಪ್ಲಾನ್‌ಗಳ ಹೋಲಿಕೆ ಬಿಟ್ಟು ಹುಡುಗಿಗೆ ಒಂದು ಖಾಲಿ ಹಾಳೆ ಕೊಟ್ಟೆ. ನಿನ್ನ ಟ್ಯಾಬ್ ಯಾವ ಯಾವ ರೀತಿ ಹಾಳಾಗಬಹುದು ಬರಿ ಅಂದೆ. ಮೊದಲು ನಕ್ಕಳು. ಆಮೇಲೆ ಬರೆಯುತ್ತಾ ಹೋದಳು.

ಪಿಜಿಯ ನೆಲ ಪೂರ್ತಿ ಫರ್ಸಿ, ನಮ್ಮೂರಿನದೇ ಶಹಾಬಾದ್ ಕಲ್ಲು. ಮಂಚದಿಂದ ಬಿದ್ದರೂ ಮುಗಿಯಿತು. ಬೇಸಿಗೆಯಲ್ಲಿ ಕೂಲರ್. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳು ಕೂಲರ್ ಮುಂದೆ ಕೂರದೆ ಓದುವುದು ಆಗುವ ಮಾತಲ್ಲ. ಹುಲ್ಲಿನ ಪ್ಯಾಡ್ ಹಳೆಯದಾದರೆ ಕೂಲರ್ ಗಾಳಿಯ ಜೊತೆ ಹನಿಯನ್ನೂ ಉಗುಳುತ್ತದೆ. ಬ್ಯಾಗಿನಲ್ಲಿ ನೀರಿನ ಬಾಟಲಿ, ಅದರ ಪಕ್ಕದಲ್ಲೇ ಟ್ಯಾಬ್. ರೈಲಿನಲ್ಲಿ ಮರೆಯುವುದು. ಪಿಜಿ ಕೋಣೆಗೆ ಮೂವರು ಹುಡುಗಿಯರು, ಒಂದೇ ಬೀಗ, ಮೂರು ಕೀಲಿ.

ಕೊನೆಗೆ ನಾನೇ ಒಂದು ಸೇರಿಸಿದೆ: ಬಿಸಿಲು. ಆಪಲ್ ತನ್ನ ಐಪ್ಯಾಡ್ ಬಗ್ಗೆ ಬರೆಯುವಾಗ ಸುತ್ತಲಿನ ಗಾಳಿ 0ಯಿಂದ 35 ಡಿಗ್ರಿ ಇರುವಲ್ಲಿ ಬಳಸಿ ಅನ್ನುತ್ತದೆ. ಇವಳದು ಬೇರೆ ಕಂಪನಿಯದಾದರೂ ಒಳಗಿರುವುದು ಅದೇ ಲಿಥಿಯಂ ಬ್ಯಾಟರಿ. ನಮ್ಮಲ್ಲಿ ಬೇಸಿಗೆಗೆ 42 ದಾಟುವುದು ಹೊಸದಲ್ಲ, ಅವಳ ಕೋಣೆ ಮೇಲಿನ ಮಹಡಿಯದು. ಬಿಸಿಗೆ ಬ್ಯಾಟರಿ ಬೇಗ ಸೊರಗುತ್ತದೆ. ನಾಲ್ಕು ಪ್ಲಾನುಗಳಲ್ಲಿ ಒಂದಾದರೂ ಇದನ್ನು ಹೊರಲಿಲ್ಲ. ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡು ಬರೆಯಬೇಡ ಅಂತ ಹೇಳಿದೆ, ಅಷ್ಟೇ.

ಕಳವು ಅಂದರೆ ಏನು

ಅಕ್ಕನಿಗೆ ಇದ್ದ ದೊಡ್ಡ ಹೆದರಿಕೆ ಕಳವಿನದು. "ಒಡದ್ರ ರಿಪೇರಿ ಆಗ್ತದ. ಹೋದ್ರ ಹೋತಲ್ಲ." ಮಾತು ಸರಿ. ಕಳವಿಗೆ ರೊಕ್ಕ ಕೊಡುವುದು ಒಂಬತ್ತು ರೂಪಾಯಿ ಪ್ಲಾನ್ ಒಂದೇ. ಹಾಗಾಗಿ ಅದರ ಆ ಪುಟವನ್ನು ನಾನು ಜೋರಾಗಿ ಓದಿದೆ, ನಿಲ್ಲಿಸಿ ನಿಲ್ಲಿಸಿ ಕನ್ನಡ ಮಾಡಿ ಹೇಳುತ್ತಾ.

ಕಳವು ಅಂದರೆ ಬೀಗ, ಬಾಗಿಲು, ಕಿಟಕಿ ಮುರಿದು ಒಳಗೆ ಬಂದು ಒಯ್ದಿರಬೇಕು, ಮುರಿದ ಗುರುತು ಇರಬೇಕು. ಇಲ್ಲವೇ ಬೆದರಿಸಿಯೋ ಕೈಯಿಂದ ಕಿತ್ತುಕೊಂಡೋ ಹೋಗಿರಬೇಕು. ಯಾರೂ ಇಲ್ಲದ ಕಡೆ ಬಿಟ್ಟಿದ್ದು ಹೋದರೆ ಇಲ್ಲ. ಹೇಗೆ ಹೋಯಿತು ಅಂತ ಹೇಳಲಾಗದಿದ್ದರೂ ಇಲ್ಲ. ಮರೆತು ಬಂದದ್ದಂತೂ ಇಲ್ಲವೇ ಇಲ್ಲ.

ಹುಡುಗಿಯ ಹಾಳೆಯನ್ನು ಇದರ ಪಕ್ಕ ಇಟ್ಟೆವು. ರೈಲಿನಲ್ಲಿ ಮರೆತರೆ ಬರುವುದಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಮೇಜಿನ ಮೇಲಿಟ್ಟು ನೀರು ಕುಡಿಯಲು ಹೋದಾಗ ಹೋದರೆ ಬರುವುದಿಲ್ಲ. ಪಿಜಿಯಲ್ಲಿ ಮೂರು ಕೀಲಿ ಇರುವ ಕೋಣೆಯಿಂದ ಹೋದರೆ ಬೀಗ ಮುರಿದಿರುವುದಿಲ್ಲ, ಹಾಗಾಗಿ ಅದೂ ಬರುವುದಿಲ್ಲ. ರೈಲಿನ ಕಿಟಕಿಯಿಂದ ಯಾರಾದರೂ ಕಸಿದುಕೊಂಡು ಓಡಿದರೆ ಬರುತ್ತದೆ. ಹುಡುಗಿ ತಲೆ ಎತ್ತಿ, "ಮಾಮಾ, ರೈಲಿನಾಗ ನಾನು ಟ್ಯಾಬ್ ಹೊರಗ ತಗಿಯಂಗೇ ಇಲ್ಲ" ಅಂದಳು. ಅಕ್ಕ ಸುಮ್ಮನಾದಳು.

ಇನ್ನೊಂದು ಪುಟದಲ್ಲಿ ಸವಕಳಿ ಪಟ್ಟಿ. ಆರು ತಿಂಗಳ ನಂತರ ಹೋದರೆ ಬೆಲೆಯಲ್ಲಿ ಶೇಕಡಾ 30 ಕಳೆಯುತ್ತಾರೆ, ಉಳಿದದ್ದರಲ್ಲಿ ಮತ್ತೆ ಶೇಕಡಾ 10 ನಮ್ಮ ಪಾಲು. 32,000ಕ್ಕೆ 22,400, ಅದರಲ್ಲಿ ಕೈಗೆ 20,160. ಅದೂ ಎಲ್ಲ ಸರಿಹೋದರೆ.

ಇಲ್ಲಿ ನನ್ನ ಸೆಂಟರಿಗೆ ಬಂದ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಬಸ್ ಹತ್ತುವಾಗ ಜೇಬಿನಿಂದ ಮೊಬೈಲ್ ಎತ್ತಿದ್ದರು. ಅವನು ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ದೂರು ಹಾಕಿ, ಅದರ ಸ್ವೀಕೃತಿಯನ್ನೇ ವಿಮೆ ಕಂಪನಿಗೆ ಕಳಿಸಿದ್ದ. ಇ-ಲಾಸ್ಟ್ ಇರುವುದು ವಸ್ತು ಕಳೆದುಹೋದರೆ. "ಕಳೆದುಕೊಂಡಿದ್ದೇನೆ" ಅಂತ ಅವನೇ ಬರೆದುಕೊಟ್ಟಂತಾಯಿತು. ಕಂಪನಿ ಅದನ್ನೇ ಹಿಡಿದು ಇಲ್ಲ ಅಂದಿತು. ಕಳವಾದರೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಮು, ಮೊದಲು ಐಪಿಸಿ 379 ಇತ್ತು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಕಳೆದದ್ದು, ಕಳವಾದದ್ದು ಅನ್ನುವುದು ನಮಗೆ ಮಾತಿನಲ್ಲಿ ಒಂದೇ. ಕ್ಲೇಮಿನಲ್ಲಿ ಆ ಎರಡು ಪದದ ನಡುವೆ ಪೂರ್ತಿ ರೊಕ್ಕ ಇದೆ.

ಇವಳದು ವೈಫೈ ಮಾತ್ರ ಇರುವ ಟ್ಯಾಬ್. ಸಿಮ್ ಹಾಕುವ ಮಾದರಿಗಾದರೆ ಮೊಬೈಲಿನಂತೆ ಐಎಂಇಐ ಅನ್ನುವ 15 ಅಂಕಿಯ ಗುರುತಿನ ನಂಬರ್ ಇರುತ್ತದೆ, ಕಳೆದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಲು ದಾರಿ ಇದೆ. ವೈಫೈ ಟ್ಯಾಬಿಗೆ ಅದಿಲ್ಲ, ಇರುವುದು ಸೀರಿಯಲ್ ನಂಬರ್ ಒಂದೇ. ಹಾಗಾಗಿ ಬಿಲ್ಲಿನ ಮೇಲೆ ಅದು ಸರಿಯಾಗಿ ಬಿದ್ದಿದೆಯಾ ಅಂತ ಡಬ್ಬದ ಜೊತೆ ಹಿಡಿದು ನೋಡಿದೆವು. ಸರಿ ಇತ್ತು. ಬಿಲ್ಲಿನಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ನನ್ನ ಕಣ್ಣು ತಪ್ಪಿತು, ಅದು ಮುಂದೆ ಬರುತ್ತದೆ.

ಲೆಕ್ಕ

ಕಳವು ಬಿಟ್ಟೆವು. ಉಳಿದದ್ದು ಬೀಳುವುದು ಮತ್ತು ನೀರು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಡಿಸ್‌ಪ್ಲೇ ಹಾಕಲು ಎಷ್ಟು ಅಂತ ಕೇಳಿದೆ. 13,500 ಅಂದರು. ಪ್ಲಾನ್ ತಗೊಳ್ಳುವ ಮುಂಚೆ ಈ ಒಂದು ಫೋನ್ ಯಾರೂ ಮಾಡುವುದಿಲ್ಲ. ಈ ಅಂಕಿ ಗೊತ್ತಿಲ್ಲದೆ ಪ್ಲಾನ್ ದುಬಾರಿಯೋ ಸೋವಿಯೋ ಹೇಗೆ ಹೇಳುವುದು?

ತಯಾರಕರ ಪ್ಲಾನ್ ಇದ್ದು ಒಮ್ಮೆ ಒಡೆದರೆ 13,500ರ ಬದಲು 2,500 ಕೊಡುತ್ತೇವೆ. ಉಳಿಯುವುದು 11,000. ಅದಕ್ಕಾಗಿ ಮುಂಚೆ ಕಟ್ಟುವುದು 3,799, ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಅಂದರೆ ಇವಳಂಥ ಮೂವರಲ್ಲಿ ಒಬ್ಬಳಾದರೂ ಎರಡು ವರ್ಷದಲ್ಲಿ ಟ್ಯಾಬ್ ಒಡೆಯುತ್ತಾಳೆ ಅನ್ನುವಂತಿದ್ದರೆ ಪ್ಲಾನ್ ಗಿಟ್ಟುತ್ತದೆ. ಅದಕ್ಕಿಂತ ಜೋಪಾನ ಇದ್ದರೆ ಸುಮ್ನೆ ರೊಕ್ಕ ದಂಡ.

ಈಗ ಪ್ರಶ್ನೆ ನಮ್ಮ ಹುಡುಗಿಯದು. ಮೂರು ವರ್ಷದಲ್ಲಿ ಎರಡು ಮೊಬೈಲ್ ಸ್ಕ್ರೀನ್ ಒಡೆದಿದ್ದಾಳೆ. ಒಂದು ಬಾವಿಕಟ್ಟೆಯ ಮೇಲೆ, ಇನ್ನೊಂದು ಅಣ್ಣನ ಜೊತೆ ಜಗಳದಲ್ಲಿ. ಎರಡನೆಯದನ್ನು ಅಪಘಾತ ಅನ್ನಬಹುದಾ ಅಂತ ನನಗೆ ಈಗಲೂ ಅನುಮಾನ. ಅವಳ ಅಣ್ಣ ಮಾತ್ರ ಆರು ವರ್ಷದಿಂದ ಒಂದೇ ಫೋನ್ ಇಟ್ಟಿದ್ದಾನೆ, ಅದರ ಮೇಲೆ ಗೀರೂ ಇಲ್ಲ. ಅವನಿಗಾಗಿದ್ದರೆ ನಾನು ಯಾವ ಪ್ಲಾನೂ ಬೇಡ ಅನ್ನುತ್ತಿದ್ದೆ. ಅದೇ ಅಂಗಡಿ, ಅದೇ ಟ್ಯಾಬ್, ಒಂದೇ ಮನೆ, ಆದರೂ ಉತ್ತರ ಬೇರೆ.

ಸ್ಕ್ರೀನ್ ಪ್ಲಾನ್ ಬಗ್ಗೆ ಸ್ವಲ್ಪ ಹೊತ್ತು ಎಳೆದಾಡಿದೆವು. ಮೊದಲ ವರ್ಷದಲ್ಲಿ ಒಂದೇ ಸಲ, ಬರೀ ಸ್ಕ್ರೀನ್ ಒಡೆದರೆ ಅದೇ ಸೋವಿ: 1,499 ಮತ್ತು ಬಿಲ್ಲಿನ ಕಾಲು ಭಾಗ 3,375, ಒಟ್ಟು 4,874. ತಯಾರಕರದ್ದರಲ್ಲಿ 6,299. ಆದರೆ ಕೂಲರ್ ನನ್ನ ತಲೆಯಲ್ಲಿ ಕೂತಿತ್ತು. ಎರಡನೇ ವರ್ಷವೂ ಇತ್ತು. ಮೂರನೇ ದಿನ ಬೆಳಿಗ್ಗೆ ತಯಾರಕರ ಪ್ಲಾನನ್ನೇ ಕೊಂಡೆವು, ಹುಡುಗಿಯ ಮೇಲ್ ಐಡಿಗೆ, ಅವಳ ಹೆಸರಲ್ಲಿ. ಜೊತೆಗೆ ಮೂಲೆ ದಪ್ಪ ಇರುವ ಕವರ್ ಮತ್ತು ಗಾಜು, 1,150. ಕಳವಿನ ಹೆದರಿಕೆಗೆ ಅಕ್ಕ ತಾನೇ ಒಂದು ದಾರಿ ಹುಡುಕಿದಳು. ತಪ್ಪಿದ 412 ರೂಪಾಯಿಯನ್ನು ಎಂಟು ತಿಂಗಳೂ ಪೋಸ್ಟ್ ಆಫೀಸಿನ ಖಾತೆಗೆ ಹಾಕಿದಳು. ಆ ರೊಕ್ಕ ಈಗಲೂ ಅಲ್ಲೇ ಇದೆ.

ಬಿದ್ದದ್ದು

2025ರ ಏಪ್ರಿಲ್. ಇಂಟರ್ನಲ್ಸ್ ನಡೆಯುತ್ತಿದ್ದವು. ಹುಡುಗಿ ಟ್ಯಾಬನ್ನು ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಮೇಲೆ ಒರಗಿಸಿ ಇಟ್ಟಿದ್ದಳು, ಕೂಲರಿನಿಂದ ದೂರ ಇರಲಿ ಅಂತ. ಚಾರ್ಜರ್ ವೈರು ಅಲ್ಲಿಂದ ಗೋಡೆಯ ಪ್ಲಗ್ಗಿಗೆ, ನಡುವೆ ಓಡಾಡುವ ದಾರಿ. ಕರೆಂಟ್ ಹೋಯಿತು. ಕತ್ತಲಲ್ಲಿ ಜೊತೆಯ ಹುಡುಗಿ ಎದ್ದು ಹೋಗುವಾಗ ವೈರಿಗೆ ಕಾಲು ಸಿಕ್ಕಿತು. ಟ್ಯಾಬ್ ಮೂಲೆ ಕೆಳಗಾಗಿ ಫರ್ಸಿ ಮೇಲೆ ಬಿತ್ತು. ಕವರ್ ಪುಸ್ತಕದ ಹಾಗೆ ತೆರೆದಿತ್ತು, ದಪ್ಪ ಮೂಲೆ ಉಪಯೋಗಕ್ಕೆ ಬರಲಿಲ್ಲ.

ಮರುದಿನ ನನ್ನ ಹತ್ತಿರ ತಂದಳು. ಎಡ ಮೂಲೆಯಿಂದ ಜೇಡರ ಬಲೆ ಹಾಗೆ ಬಿರುಕು. ಅರ್ಧ ಪರದೆ ಕಾಣುತ್ತಿತ್ತು, ಆ ಅರ್ಧಕ್ಕೆ ಟಚ್ ಇರಲಿಲ್ಲ. ಅಳು ಬಂದದ್ದು ಟ್ಯಾಬಿಗಲ್ಲ. ಪೆನ್ನಿನಲ್ಲಿ ಬರೆದ ನೋಟ್ಸಿನ ಬ್ಯಾಕಪ್ ಜನವರಿಯಿಂದ ನಿಂತುಹೋಗಿತ್ತು. ರಿಪೇರಿಗೆ ಕೊಟ್ಟರೆ ಒಳಗಿನದೆಲ್ಲ ಅಳಿಸಿಹೋಗಬಹುದು ಅಂತ ಫಾರ್ಮಿನಲ್ಲೇ ಸಹಿ ಮಾಡಿಸಿಕೊಳ್ಳುತ್ತಾರೆ. ಯಾವ ಪ್ಲಾನೂ ನೋಟ್ಸನ್ನು ವಾಪಸ್ ಕೊಡುವುದಿಲ್ಲ.

ನನ್ನ ಡ್ರಾಯರಿನಲ್ಲಿ ಒಂದು ಓಟಿಜಿ ಪಿನ್ ಇತ್ತು. ಅದನ್ನು ಟ್ಯಾಬಿಗೆ ಚುಚ್ಚಿ ಸೆಂಟರಿನ ಮೌಸ್ ಹಾಕಿದೆ. ಪರದೆ ಮೇಲೆ ಬಾಣ ಮೂಡಿತು. ಟಚ್ ಸತ್ತರೂ ಮೌಸ್ ನಡೆಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾಣುವ ಅರ್ಧದಲ್ಲೇ ಹುಡುಕಿ ಹುಡುಕಿ, ಟ್ಯಾಬನ್ನು ಅಡ್ಡ ಉದ್ದ ತಿರುಗಿಸುತ್ತಾ, ನೋಟ್ಸ್ ಎಲ್ಲ ಹೊರಗೆ ತೆಗೆದೆವು. ಒಂದೂವರೆ ತಾಸು ಹಿಡಿಯಿತು. ಆಮೇಲೆ ಅವಳ ಖಾತೆಯನ್ನು ಟ್ಯಾಬಿನಿಂದ ಬಿಡಿಸಿದೆವು. ಖಾತೆ ಲಾಕ್ ಇದ್ದರೆ ಸರ್ವಿಸ್ ಸೆಂಟರಿನವರು ಕೆಲಸ ಮುಂದುವರಿಸುವುದಿಲ್ಲ.

ಕ್ಲೇಮ್ ಫಾರ್ಮಿನಲ್ಲಿ "ಏನಾಯಿತು" ಅನ್ನುವ ಒಂದು ಡಬ್ಬಿ ಇರುತ್ತದೆ. ಅವಳು ಮೊದಲು ಬರೆದದ್ದು "ಸ್ಕ್ರೀನ್ ಒಡೆದಿದೆ" ಅಂತ ಮಾತ್ರ. ಅಳಿಸಿ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಎತ್ತರದಿಂದ, ಹೇಗೆ ಅಂತ ಐದು ಸಾಲು ಬರೆಸಿದೆ. ನಡೆದದ್ದನ್ನು ನಡೆದ ಹಾಗೆ. ನನ್ನ ಹತ್ತಿರ ಬರುವ ಕೆಲವರು, "ಅಣ್ಣಾ, ಹಿಂಗ ಬರದ್ರ ಸಿಗ್ತದೇನು, ಹಂಗ ಬರದ್ರ ಸಿಗ್ತದೇನು" ಅಂತ ಕಥೆ ಕಟ್ಟಲು ಕೇಳುತ್ತಾರೆ. ನಾನು ಬರೆಯುವುದಿಲ್ಲ. ಬಿಚ್ಚಿ ನೋಡುವವನಿಗೆ ಏಟು ಎಲ್ಲಿ ಬಿದ್ದಿದೆ, ನೀರು ಎಲ್ಲಿ ಹೋಗಿದೆ ಕಾಣುತ್ತದೆ. ನೀರು ತಾಗಿದರೆ ಬಣ್ಣ ಬದಲಾಗುವ ಚೀಟಿಯನ್ನೇ ಒಳಗೆ ಅಂಟಿಸಿರುತ್ತಾರೆ.

ಎರಡನೇ ದಿನ ಮೇಲ್ ಬಂತು: ಬಿಲ್ಲಿನ ಹೆಸರು, ಪ್ಲಾನಿನ ಹೆಸರು ಹೊಂದುತ್ತಿಲ್ಲ. ಇದೇ ನಾನು ತಪ್ಪಿಸಿಕೊಂಡ ಸಂಗತಿ. ಇಎಂಐ ಅಕ್ಕನ ಹೆಸರಲ್ಲಿ, ಹಾಗಾಗಿ ಬಿಲ್ಲೂ ಅಕ್ಕನದು. ಪ್ಲಾನ್ ಹುಡುಗಿಯದು. ಊರಿನವರಿಗೆಲ್ಲ ಫಾರ್ಮ್ ತುಂಬಿ ಕೊಡುವ ನಾನೇ ಇಲ್ಲಿ ಎಡವಿದ್ದೆ. ಅಕ್ಕನ ಹತ್ತಿರ "ಇದು ನನ್ನ ಮಗಳಿಗೆ ಕೊಡಿಸಿದ ಟ್ಯಾಬ್" ಅಂತ ಪತ್ರ ಬರೆಸಿ, ಇಬ್ಬರ ಮಾಸ್ಕ್ ಮಾಡಿದ ಆಧಾರ್ ಪ್ರತಿ ಸೇರಿಸಿ ಕಳಿಸಿದೆ. ನಾಲ್ಕು ದಿನ ಹೋಯಿತು. ಒಪ್ಪಿಗೆ ಬಂತು.

ಬಿಚ್ಚಿ ನೋಡಿದಾಗ ಫ್ರೇಮ್ ಕೂಡ ಬಾಗಿತ್ತು. ಅಂದಾಜು ಬಿಲ್ಲಿನಲ್ಲಿ ಡಿಸ್‌ಪ್ಲೇ 13,500, ಫ್ರೇಮ್ 3,200, ಒಟ್ಟು 16,700. ನಾವು ಕೊಟ್ಟದ್ದು 2,500. ಸ್ಕ್ರೀನ್ ಪ್ಲಾನ್ ಇದ್ದಿದ್ದರೆ ಫ್ರೇಮ್ ಪೂರ್ತಿ ನಮ್ಮ ತಲೆ ಮೇಲೆ, ಡಿಸ್‌ಪ್ಲೇಯ ಕಾಲು ಭಾಗವೂ ನಮ್ಮದು, ಪ್ಲಾನಿನ ಬೆಲೆ ಸೇರಿ 8,074. ನಮಗೆ ಆದದ್ದು 6,299. ಇದನ್ನು ನಾವು ಮುಂಚೆಯೇ ಲೆಕ್ಕ ಹಾಕಿದ್ದೆವು ಅಂತ ಹೇಳಿಕೊಳ್ಳಲಾರೆ. ಕೂಲರಿಗೆ ಹೆದರಿ ಕೊಂಡದ್ದು, ಫ್ರೇಮಿಗೆ ಉಪಯೋಗಕ್ಕೆ ಬಂತು.

ಡಿಸ್‌ಪ್ಲೇ ಸ್ಟಾಕ್ ಇಲ್ಲ ಅಂತ ಹನ್ನೆರಡು ದಿನ ಕಾಯಿಸಿದರು. ಅಷ್ಟರಲ್ಲಿ ಇಂಟರ್ನಲ್ಸ್ ಮುಗಿದೇ ಹೋದವು. ಅವಳು ಓದಿದ್ದು ನನ್ನ ಪ್ರಿಂಟರಿನಲ್ಲಿ ತೆಗೆದ ಹಾಳೆಗಳಿಂದ. ಅದರ ಖರ್ಚು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಕೇಳಿದರೆ ಅಕ್ಕ ರೊಟ್ಟಿ ಕಳಿಸುವುದನ್ನು ನಿಲ್ಲಿಸುತ್ತಾಳೆ.

ಆಗಲ್ಲ ಅಂದಿದ್ದರೆ

ಕ್ಲೇಮ್ ಒಪ್ಪಿದ್ದರಿಂದ ಇದು ನಮಗೆ ಬೇಕಾಗಲಿಲ್ಲ. ಆದರೆ ಸೆಂಟರಿಗೆ ಬರುವವರಿಗೆ ದಿನವೂ ಬೇಕಾಗುತ್ತದೆ, ಅದಕ್ಕೆ ಬರೆಯುತ್ತೇನೆ. ಮೊದಲು ನೋಡಬೇಕಾದದ್ದು, ನೀವು ಕೊಂಡದ್ದು ವಿಮೆಯೋ ಸೇವಾ ಕರಾರೋ ಅನ್ನುವುದು. ಕಾಗದದಲ್ಲಿ ವಿಮೆ ಕಂಪನಿಯ ಹೆಸರು, ಪಾಲಿಸಿ ಅಥವಾ ಸರ್ಟಿಫಿಕೇಟ್ ನಂಬರ್ ಇದ್ದರೆ ಅದು ವಿಮೆ. ಆಗ ಕಂಪನಿಗೆ ಲಿಖಿತ ದೂರು ಕೊಡಿ. ಸರಿಯಾಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಇದೆ, 155255ಕ್ಕೆ ಫೋನೂ ಮಾಡಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ವಕೀಲರು ಬೇಡ, ಶುಲ್ಕವೂ ಇಲ್ಲ.

ಎಕ್ಸ್‌ಟೆಂಡೆಡ್ ವಾರಂಟಿಯಂಥದ್ದಾದರೆ ಈ ದಾರಿ ನಡೆಯುವುದಿಲ್ಲ, ಅದು ವಿಮೆಯೇ ಅಲ್ಲ. ಅದಕ್ಕೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಬಿಲ್, ಷರತ್ತಿನ ಕಾಗದ, ಕಂಪನಿಯ ಮೇಲ್ ಮೂರನ್ನೂ ಇಟ್ಟುಕೊಂಡಿರಬೇಕು. ಕೌಂಟರಿನಲ್ಲಿ "ಎಲ್ಲಾ ನಡೀತದ್ರಿ" ಅಂದ ಮಾತನ್ನು ಎಲ್ಲೂ ತೋರಿಸಲಾಗುವುದಿಲ್ಲ.

ನಮ್ಮ ಹುಡುಗಿಯ ಪ್ಲಾನಿನಲ್ಲಿ ಇನ್ನೊಂದು ಸಲ ಬಾಕಿ ಇದೆ, 2026ರ ನವೆಂಬರಿನ ತನಕ. ಟ್ಯಾಬ್ ಈಗ ಕಿಟಕಿ ಕಟ್ಟೆಯ ಮೇಲೆ, ಪ್ಲಗ್ಗಿನ ಪಕ್ಕದಲ್ಲೇ. ವೈರನ್ನು ಗೋಡೆಗೆ ಒಂದು ಮೊಳೆ ಹೊಡೆದು ಸುತ್ತಿದ್ದಾಳೆ. ಪಿಜಿಯ ಆಂಟಿ ಮೊಳೆ ನೋಡಿ ಐವತ್ತು ರೂಪಾಯಿ ದಂಡ ಹಾಕಿದರಂತೆ.